ಬಾಣ ಎಲ್ಲಿ ಹೋಯಿತು? ಲಿನಕ್ಸ್‌ನಲ್ಲಿ ಮೌಸ್ ಕರ್ಸರ್ ಸರಿಪಡಿಸುವ ಬಗೆ

ನಮ್ಮ ಅಬ್ಬಾ ಅಂಗಡಿಯ ಲೆಕ್ಕವನ್ನು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಅದು ತುಂಬಾ ನಿಧಾನವಾಗಿತ್ತೆಂದು ಹೋದ ವರ್ಷ ನಾನೇ ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ. ಈ ವರ್ಷ ಅವರ ಒಂದು ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ಇನ್ನೊಂದು ಬಾಕಿ ಇದೆ. ಸಣ್ಣ ಬಾಣ ಅವರಿಗೆ ಕಾಣುವುದಿಲ್ಲವೆಂದು ದೊಡ್ಡ ಬಿಳಿ ಕರ್ಸರ್ ಥೀಮ್ ಒಂದನ್ನು ಹಾಕಿಕೊಟ್ಟೆ. ಡೆಸ್ಕ್‌ಟಾಪ್ ಮೇಲೆ ಚೆನ್ನಾಗಿ ಕಂಡಿತು. ಆದರೆ ಲೆಕ್ಕದ ತಂತ್ರಾಂಶದ ಒಳಗೆ ಹೋದ ಕೂಡಲೇ ಬಾಣ ಕಪ್ಪಗೆ, ಚಿಕ್ಕದಾಗಿ ಬದಲಾಗುತ್ತಿತ್ತು. ಹೊರಗೆ ಬಂದರೆ ಮತ್ತೆ ದೊಡ್ಡದು. "ಬೇಟಾ, ತೀರ್ ಕಾಂ ಗಯಾ?" ಎಂದು ನಾಲ್ಕೈದು ಸಲ ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟು ಹಳೆಯ ಲೆಕ್ಕದ ಪುಸ್ತಕ ತೆಗೆದು ಪೆನ್ನಿನಲ್ಲಿ ಬರೆಯತೊಡಗಿದರು. ಕಂಪ್ಯೂಟರ್ ಬಳಸಿ ಎಂದು ಒತ್ತಾಯ ಮಾಡಿದವನು ನಾನೇ, ಹಾಗಾಗಿ ಇದನ್ನು ಸರಿಮಾಡುವ ಜವಾಬ್ದಾರಿಯೂ ನನ್ನದೇ ಆಯಿತು.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಇದು ಒಂದೇ ಮೊತ್ತವನ್ನು ಮೂರು ನಾಲ್ಕು ಪುಸ್ತಕಗಳಲ್ಲಿ ಬರೆದು, ಒಂದರಲ್ಲಿ ಮಾತ್ರ ತಿದ್ದಿದಂತೆ. ಟ್ರಯಲ್ ಬ್ಯಾಲೆನ್ಸ್ ಹೇಗೆ ತಾಳೆಯಾದೀತು? ಲಿನಕ್ಸ್‌ನಲ್ಲಿ ಯಾವ ಕರ್ಸರ್ ತೋರಿಸಬೇಕು ಎಂಬುದನ್ನು ಬರೆದಿಡುವ ಜಾಗ ಒಂದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ನಾವು ಆರಿಸಿದ್ದನ್ನು ಜಿಟಿಕೆ ಎಂಬ ಉಪಕರಣದಿಂದ ಮಾಡಿದ ತಂತ್ರಾಂಶಗಳು ಓದುತ್ತವೆ. ಹಳೆಯ ಬಗೆಯ ಕೆಲವು ತಂತ್ರಾಂಶಗಳು ಅದನ್ನು ನೋಡುವುದೇ ಇಲ್ಲ, 'ಡಿಫಾಲ್ಟ್' ಎಂಬ ಹೆಸರಿನ ಥೀಮನ್ನು ಹುಡುಕುತ್ತವೆ. ಇನ್ನು ಕೆಲವಕ್ಕೆ ಥೀಮಿನ ಹೆಸರು ಗೊತ್ತಾದರೂ ಅದರ ಚಿತ್ರಗಳಿರುವ ಫೋಲ್ಡರ್ ಕಾಣಿಸುವುದಿಲ್ಲ. ಎಲ್ಲೂ ಏನೂ ಸಿಗದಿದ್ದರೆ ಎಕ್ಸ್ ಸರ್ವರ್ ತನ್ನೊಳಗೇ ಇರುವ ಬಹಳ ಹಳೆಯ ಕಪ್ಪು ಬಾಣವನ್ನು ತೋರಿಸುತ್ತದೆ. ಅಬ್ಬಾ ಕಳೆದುಕೊಳ್ಳುತ್ತಿದ್ದದ್ದು ಆ ಬಾಣವನ್ನೇ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಬಾಣ ಎಲ್ಲೆಲ್ಲಿ ಬದಲಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. ನಾನು ಹಾಗೆ ಮಾಡದೆ ಸಿಕ್ಕಿದ್ದನ್ನೆಲ್ಲ ಬದಲಾಯಿಸಿ ಒಂದು ಭಾನುವಾರ ಹಾಳುಮಾಡಿಕೊಂಡೆ.

ಲಿಂಕ್ ಮೇಲೆ ಹೋದಾಗ ಬರುವ ಕೈ ಅಥವಾ ಕಾಯುವ ಗುರುತು ಮಾತ್ರ ಬೇರೆಯಾಗಿದ್ದರೆ ಥೀಮೇ ಅಪೂರ್ಣವಾಗಿದೆ ಎಂದು ಅರ್ಥ. ಒಂದೇ ಚಿತ್ರವನ್ನು ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಹೆಸರಿನಿಂದ ಕೇಳುತ್ತವೆ. ಕೈಯನ್ನು ಒಂದು 'ಹ್ಯಾಂಡ್ 2' ಎಂದರೆ ಮತ್ತೊಂದು 'ಪಾಯಿಂಟರ್' ಎನ್ನುತ್ತದೆ. ಮನೆಯಲ್ಲಿ ಒಂದು ಹೆಸರು, ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರು ಇರುವ ಹುಡುಗನ ಹಾಗೆ. ಥೀಮ್ ಮಾಡುವವರು ಚಿತ್ರವನ್ನು ಒಮ್ಮೆ ಇಟ್ಟು, ಉಳಿದ ಹೆಸರುಗಳಿಗೆ ಸಿಂಬಾಲಿಕ್ ಲಿಂಕ್ ಎಂಬ ಸೂಚಕಗಳನ್ನು ಇಡುತ್ತಾರೆ. ನನ್ನ ತಪ್ಪು ಇಲ್ಲಿಯೇ ಶುರುವಾದದ್ದು. ಥೀಮನ್ನು ಬೇರೆ ಕಂಪ್ಯೂಟರಿನಲ್ಲಿ ಬಿಡಿಸಿ, ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಮನೆಗೆ ತಂದಿದ್ದೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಫ್ಯಾಟ್ 32 ವ್ಯವಸ್ಥೆಯಲ್ಲಿ ಇಂಥ ಲಿಂಕ್‌ಗಳು ಉಳಿಯುವುದಿಲ್ಲ. ಚಿತ್ರಗಳು ಬಂದವು, ಹೆಸರುಗಳು ದಾರಿಯಲ್ಲೇ ಉದುರಿಹೋದವು. ಕಟ್ಟಿದ ಟಾರ್ ಕಡತವನ್ನೇ ಹಾಗೆಯೇ ತಂದು, ನಿಮ್ಮ ಲಿನಕ್ಸ್ ಯಂತ್ರದಲ್ಲಿ ಬಿಡಿಸಿಕೊಳ್ಳಿ. ಬಿಡಿಸಿದ ಮೇಲೆ ಥೀಮಿನ ಫೋಲ್ಡರ್ ತೆರೆದರೆ ನೇರವಾಗಿ 'ಕರ್ಸರ್ಸ್' ಎಂಬ ಫೋಲ್ಡರ್ ಕಾಣಬೇಕು. ಫೋಲ್ಡರಿನೊಳಗೆ ಮತ್ತೊಂದು ಅದೇ ಹೆಸರಿನ ಫೋಲ್ಡರ್ ಇದ್ದರೆ ಒಳಗಿನದನ್ನು ಹೊರಗೆ ತನ್ನಿ.

ಈಗ ಮುಖ್ಯ ಪ್ರಶ್ನೆ: ಥೀಮನ್ನು ಎಲ್ಲಿ ಇಡಬೇಕು? ಹಲವರು ಹೋಮ್ ಫೋಲ್ಡರಿನಲ್ಲಿ, ಹೆಸರಿನ ಮುಂದೆ ಚುಕ್ಕೆ ಇರುವ 'ಐಕಾನ್ಸ್' ಫೋಲ್ಡರಿನಲ್ಲಿ ಇಡುತ್ತಾರೆ. (ಚುಕ್ಕೆ ಇರುವವು ಅಡಗಿರುತ್ತವೆ, ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಕಾಣುತ್ತವೆ.) ನಾನೂ ಅಲ್ಲಿಯೇ ಇಟ್ಟಿದ್ದೆ. ಆದರೆ ಅಬ್ಬಾ ಬಳಸುವ ಲೆಕ್ಕದ ತಂತ್ರಾಂಶ ಫ್ಲಾಟ್‌ಪ್ಯಾಕ್ ಬಗೆಯದು. ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ಸುರಕ್ಷತೆಗಾಗಿ ಒಂದು ಬೇಲಿಯೊಳಗೆ ಓಡುತ್ತವೆ, ಆ ಅಡಗಿದ ಫೋಲ್ಡರ್ ಅವಕ್ಕೆ ಕಾಣುವುದಿಲ್ಲ. ಜಿಪಾರ್ಟೆಡ್‌ನಂಥ, ರೂಟ್ ಅಧಿಕಾರದಲ್ಲಿ ತೆರೆಯುವ ತಂತ್ರಾಂಶಗಳಿಗೆ ಹೋಮ್ ಫೋಲ್ಡರೇ ಬೇರೆ. ಲಾಗಿನ್ ಪರದೆಯಂತೂ ನಾವು ಒಳಗೆ ಬರುವ ಮುಂಚೆಯೇ ತೆರೆದಿರುತ್ತದೆ. ಮೂರಕ್ಕೂ ಉತ್ತರ ಒಂದೇ. ಥೀಮಿನ ಪೂರ್ತಿ ಫೋಲ್ಡರನ್ನು ಎಲ್ಲರಿಗೂ ಸೇರಿದ ಜಾಗಕ್ಕೆ, ಅಂದರೆ ಸಿಸ್ಟಮ್‌ನ 'ಯುಎಸ್‌ಆರ್' ಒಳಗಿನ 'ಶೇರ್' ಒಳಗಿನ 'ಐಕಾನ್ಸ್' ಫೋಲ್ಡರಿಗೆ ಕಾಪಿ ಮಾಡಿ. ಇದಕ್ಕೆ ಪಾಸ್‌ವರ್ಡ್ ಕೇಳುತ್ತದೆ. ಆ ಅಧಿಕಾರದಲ್ಲಿ ಇರುವಾಗ ಬೇರೆ ಏನನ್ನೂ ಮುಟ್ಟಬೇಡಿ.

ನಂತರ 'ಡಿಫಾಲ್ಟ್' ಸರದಿ. ಮಿಂಟ್, ಉಬುಂಟು, ಡೆಬಿಯನ್‌ಗಳಲ್ಲಿ ಅಪ್‌ಡೇಟ್ ಆಲ್ಟರ್ನೇಟಿವ್ಸ್ ಎಂಬ ಆದೇಶದಿಂದ 'ಎಕ್ಸ್ ಕರ್ಸರ್ ಥೀಮ್' ಆರಿಸಬಹುದು. ಆದರೆ ಕೈಯಾರೆ ತಂದ ಥೀಮ್ ಆ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ಸುಲಭ ದಾರಿ ಬೇರೆ ಇದೆ: ಹೋಮ್‌ನ ಆ ಚುಕ್ಕೆ ಐಕಾನ್ಸ್ ಫೋಲ್ಡರಿನಲ್ಲಿ 'ಡಿಫಾಲ್ಟ್' ಎಂಬ ಫೋಲ್ಡರ್ ಮಾಡಿ, ಅದರೊಳಗೆ 'ಇಂಡೆಕ್ಸ್ ಡಾಟ್ ಥೀಮ್' ಎಂಬ ಪಠ್ಯ ಕಡತ ಇಡಿ. ಅದರಲ್ಲಿ ಎರಡೇ ಸಾಲು. ಮೊದಲನೆಯದು ಚೌಕ ಆವರಣದೊಳಗೆ 'ಐಕಾನ್ ಥೀಮ್', ಎರಡನೆಯದು 'ಇನ್‌ಹೆರಿಟ್ಸ್', ಸಮ ಚಿಹ್ನೆ, ನಿಮ್ಮ ಥೀಮಿನ ಹೆಸರು. ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಫೋಲ್ಡರ್ ಮತ್ತು ಕಡತದ ಹೆಸರು ಸಣ್ಣ ಅಕ್ಷರದಲ್ಲಿ ಇರಲಿ. ಒಳಗಿನ ಸಾಲುಗಳಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಥೀಮಿನ ಹೆಸರು ಎಂದರೆ ಸೆಟ್ಟಿಂಗ್ಸ್ ಪಟ್ಟಿಯಲ್ಲಿ ಚಂದವಾಗಿ ಕಾಣುವ ಹೆಸರಲ್ಲ, ಫೋಲ್ಡರಿನ ಹೆಸರು. ದೊಡ್ಡಕ್ಷರ, ಸಣ್ಣಕ್ಷರ, ಅಡ್ಡಗೆರೆ ಎಲ್ಲವೂ ಇದ್ದ ಹಾಗೆಯೇ. ನಾನು ಅಡ್ಡಗೆರೆಯ ಜಾಗದಲ್ಲಿ ಸ್ಪೇಸ್ ಬಿಟ್ಟಿದ್ದೆ. ತಪ್ಪು ಎಂದು ಯಾರೂ ಹೇಳುವುದಿಲ್ಲ, ಸುಮ್ಮನೆ ಹಳೆಯ ಬಾಣ ಬರುತ್ತದೆ.

ಕೊನೆಗೆ ಸೆಟ್ಟಿಂಗ್ಸ್‌ನ ಥೀಮ್ಸ್ ವಿಭಾಗದಲ್ಲಿ ಆ ಥೀಮನ್ನೇ ಮತ್ತೆ ಆರಿಸಿ, ಲಾಗ್ ಔಟ್ ಮಾಡಿ ಒಳಗೆ ಬನ್ನಿ. ತೆರೆದಿರುವ ತಂತ್ರಾಂಶಗಳು ಹಳೆಯ ಕರ್ಸರನ್ನೇ ಹಿಡಿದುಕೊಂಡಿರಬಹುದು. ಆಗಲಿಲ್ಲ ಎಂದು ಗಾಬರಿಯಾಗಿ ಮತ್ತೆಲ್ಲ ಬದಲಾಯಿಸುವ ಮುಂಚೆ ಇದನ್ನು ಮಾಡಿ.

ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಯಲ್ಲಿ ಇರುವವರಿಗೆ ಒಂದು ಮಾತು. ಅಲ್ಲಿ ಬಹಳ ಕಾಲ ಪ್ರತಿ ತಂತ್ರಾಂಶವೂ ತನ್ನ ಕರ್ಸರನ್ನು ತಾನೇ ಬಿಡಿಸಬೇಕಿತ್ತು, ಹೀಗಾಗಿ ಗಾತ್ರದ ವ್ಯತ್ಯಾಸ ಇನ್ನೂ ಹೆಚ್ಚು. 2023ರಲ್ಲಿ ಬಂದ ಕರ್ಸರ್ ಶೇಪ್ ಎಂಬ ಹೊಸ ನಿಯಮದಿಂದ ತಂತ್ರಾಂಶ 'ಕೈ ಬೇಕು' ಎಂದಷ್ಟೇ ಕೇಳಿದರೆ ಸಾಕು, ಡೆಸ್ಕ್‌ಟಾಪೇ ಬಿಡಿಸಿಕೊಡುತ್ತದೆ. ಎರಡೂ ಕಡೆಯವರು ಅದನ್ನು ಒಪ್ಪಿಕೊಂಡಿದ್ದರೆ ಮಾತ್ರ.

ಗಾತ್ರವನ್ನು ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಮೌಸ್ ಮತ್ತು ಟಚ್‌ಪ್ಯಾಡ್ ವಿಭಾಗದಲ್ಲಿ ಹೆಚ್ಚಿಸಬಹುದು. ಸಾಮಾನ್ಯ ಗಾತ್ರ 24. ಕರ್ಸರ್ ಕಡತದೊಳಗೆ ಕೆಲವು ಗಾತ್ರಗಳ ಚಿತ್ರಗಳನ್ನು ಮೊದಲೇ ಇಟ್ಟಿರುತ್ತಾರೆ, ಸಾಮಾನ್ಯವಾಗಿ ಕೇಳಿದ್ದಕ್ಕೆ ಹತ್ತಿರದ್ದು ಬರುತ್ತದೆ. ದೊಡ್ಡ ಚಿತ್ರವೇ ಇಲ್ಲದ ಥೀಮಿನಲ್ಲಿ ಎಷ್ಟು ಎಳೆದರೂ ಬಾಣ ಬೆಳೆಯದಿರಬಹುದು. ಅಬ್ಬಾಗೆ ಮೊದಲು 48 ಇಟ್ಟೆ. ಎರಡು ದಿನ ಬಳಸಿ, ಬಾಣ ಈಗ ಅಂಕಿಯನ್ನೇ ಮುಚ್ಚುತ್ತದೆ, ಸಾವಿರವೋ ಹತ್ತು ಸಾವಿರವೋ ತಿಳಿಯುವುದಿಲ್ಲ ಎಂದರು. 32ಕ್ಕೆ ಇಳಿಸಿದ್ದೇವೆ. ಪುಸ್ತಕದಲ್ಲಿ ಬರೆದ ಹದಿನಾಲ್ಕು ದಿನದ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾತ್ರ ನನಗೆ ಬಿದ್ದಿದೆ.