ವೆದರ್‌ಟಾಪ್ ಗುಡ್ಡದ ಮೇಲೊಂದು ಕಛೇರಿ

‘ಲಾರ್ಡ್ ಆಫ್ ದಿ ರಿಂಗ್ಸ್ ಆನ್‌ಲೈನ್’ 2007ರಲ್ಲಿ ಶುರುವಾದ ಗೇಮ್. ಟೋಲ್ಕಿನ್ ಕಟ್ಟಿದ ಕಥಾಲೋಕದಲ್ಲಿ ಸಾವಿರಾರು ಜನ ಒಟ್ಟಿಗೆ ಅಲೆಯುವ, ಕತ್ತಿ ಬೀಸುವ ಆಟ. ಅದರೊಳಗೆ ವೆದರ್‌ಟಾಪ್ ಎಂಬ ಪಾಳುಗುಡ್ಡವಿದೆ. ಆಟಗಾರರು 2009ರಿಂದ ವರ್ಷಕ್ಕೊಮ್ಮೆ ಆ ಗುಡ್ಡದ ಮೇಲೆ ಕತ್ತಿ ಬದಿಗಿಟ್ಟು ‘ವೆದರ್‌ಸ್ಟಾಕ್’ ಎಂಬ ಸಂಗೀತೋತ್ಸವ ನಡೆಸುತ್ತಿದ್ದಾರೆ. ತಂಡದ ಹಿಂದೆ ತಂಡ ಬಂದು ಲ್ಯೂಟ್, ಹಾರ್ಪ್, ಕ್ಲಾರಿನೆಟ್, ಬ್ಯಾಗ್‌ಪೈಪ್ ನುಡಿಸುತ್ತದೆ. ಇದಕ್ಕೆ ಮೈಕು, ರೆಕಾರ್ಡಿಂಗು ಯಾವುದೂ ಬೇಡ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಒಂದು ಸಾದಾ ಫೈಲು ಸಾಕು.

ಆ ಫೈಲಿನ ಲಿಪಿಯ ಹೆಸರು ಎಬಿಸಿ. ಕ್ರಿಸ್ ವಾಲ್‌ಷಾ ಎಂಬಾತ 1980ರ ದಶಕದಲ್ಲಿ, ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿಯುವ ಮೊದಲೇ, ಕಿವಿಗೆ ಬಿದ್ದ ಜಾನಪದ ಮಟ್ಟುಗಳನ್ನು ಅಕ್ಷರಗಳಲ್ಲಿ ಗೀಚಿಕೊಳ್ಳುತ್ತಿದ್ದ. ಅದನ್ನೇ ಅಚ್ಚುಕಟ್ಟಾದ ಐದು ಗೆರೆಯ ಲಿಪಿಗೆ ತಿರುಗಿಸುವ ತಂತ್ರಾಂಶವನ್ನು 1993ರ ಹೊತ್ತಿಗೆ ತಾನೇ ಬರೆದ. ಗೇಮಿಗೂ ಇದಕ್ಕೂ ಆಗ ಯಾವ ನಂಟೂ ಇರಲಿಲ್ಲ.

ಫೈಲಿನ ಮೇಲ್ಭಾಗದಲ್ಲಿ ಹಾಡಿನ ಹೆಸರು, ತಾಳದ ಲೆಕ್ಕ, ಒಂದು ಅಕ್ಷರದ ಅಳತೆ, ವೇಗ, ಶ್ರುತಿ ಇಷ್ಟನ್ನು ಸಾಲಿಗೊಂದರಂತೆ ಬರೆಯಬೇಕು. ಆಮೇಲೆ ಸ್ವರಗಳು. ಇಂಗ್ಲಿಷಿನ ದೊಡ್ಡ ಅಕ್ಷರ ಒಂದು ಸ್ಥಾಯಿಗೆ, ಸಣ್ಣ ಅಕ್ಷರ ಅದರ ಮೇಲಿನ ಸ್ಥಾಯಿಗೆ. (ಕನ್ನಡ ಲಿಪಿಗೆ ಈ ಸೌಕರ್ಯವಿಲ್ಲ, ನಾವು ಸ್ವರದ ಮೇಲೆ ಕೆಳಗೆ ಚುಕ್ಕಿ ಇಡುತ್ತೇವೆ.) ಇನ್ನೂ ಕೆಳಗಿಳಿಯಬೇಕಾದರೆ ದೊಡ್ಡ ಅಕ್ಷರದ ಬೆನ್ನಿಗೇ ಅಲ್ಪವಿರಾಮ. ನಮ್ಮ ಸಂಗೀತದ ಪುಸ್ತಕ ನೋಡಿ ಬೆಳೆದವರು ಎಡವುವುದು ಇಲ್ಲೇ. ಅಲ್ಲಿ ಅಲ್ಪವಿರಾಮವೆಂದರೆ ಸ್ವರವನ್ನು ಇನ್ನೊಂದು ಅಕ್ಷರಕಾಲ ಎಳೆಯಬೇಕೆಂದು ಅರ್ಥ. ಎಬಿಸಿಯಲ್ಲಿ ಎಳೆಯಲು ಅಂಕಿ ಬಳಸಬೇಕು: 2 ಎಂದರೆ ದುಪ್ಪಟ್ಟು. ಅಕ್ಷರದ ಅಳತೆ 1/8, ವೇಗ ನಿಮಿಷಕ್ಕೆ 120 ಕಾಲುಸ್ವರ ಎಂದಿಟ್ಟರೆ ಪ್ರತಿ ಅಕ್ಷರಕ್ಕೂ ಕಾಲು ಸೆಕೆಂಡು ಸಿಗುತ್ತದೆ.

ಕೊರಿಯಾದ ‘ಮಾಬಿನೋಗಿ’ ಗೇಮಿನಲ್ಲಿ ಬೇರೊಂದು ಅಕ್ಷರಲಿಪಿಯಿದೆ. ಅದರಲ್ಲಿ ಅಂಕಿ ದೊಡ್ಡದಾದಷ್ಟೂ ಸ್ವರ ಗಿಡ್ಡ: 4 ಎಂದರೆ ಕಾಲು, 8 ಎಂದರೆ ಅರೆಕಾಲು. ಜಿಡಬ್ಲ್ಯೂ-ಬೇಸಿಕ್ ಕಲಿತ ತಲೆಮಾರಿಗೆ ‘ಪ್ಲೇ’ ಆಜ್ಞೆ ನೆನಪಿದ್ದರೆ, ಇದು ಅದರದೇ ಕುಲದ್ದು.

ಧ್ವನಿಯನ್ನೇ ಕಳಿಸಿದರಾಗದೇ? ಆದೀತು, ಆದರೆ ಭಾರ. 128 ಕಿಲೋಬಿಟ್ ಗುಣಮಟ್ಟದ ಎಂಪಿ3 ಹಾಡು ಮೂರು ನಿಮಿಷಕ್ಕೆ ಸುಮಾರು 2.8 ಮೆಗಾಬೈಟ್ ತಿನ್ನುತ್ತದೆ. ಅದೇ ಹಾಡಿನ ಒಂದು ವಾದ್ಯದ ಪಾಠ ಅಕ್ಷರದಲ್ಲಿ ಬರೆದರೆ ಕೆಲವೇ ಕಿಲೋಬೈಟ್. ಗುಡ್ಡದ ಮೇಲೆ ನುಡಿಸುವವನಿಂದ ಕೇಳುವವರಿಗೆ ಸಾಗುವುದು ‘ಈ ವಾದ್ಯ, ಈ ಸ್ವರ’ ಎಂಬ ಸೂಚನೆ ಮಾತ್ರ. ಲ್ಯೂಟಿನ ದನಿ ಕೇಳುವವನ ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ. ನೂರು ಜನ ಕೇಳುತ್ತಿದ್ದರೆ ಆ ಲ್ಯೂಟು ನೂರು ಕಡೆ ಬೇರೆಬೇರೆಯಾಗಿ ಮೀಟಿಕೊಳ್ಳುತ್ತಿರುತ್ತದೆ.

ಒಬ್ಬೊಬ್ಬರೂ ತಮಗೆ ತೋಚಿದಾಗ ಶುರುಮಾಡಿದರೆ ತಾಳ ಕೆಡುತ್ತದೆ. ಅದಕ್ಕಾಗಿ ತಂಡದವರೆಲ್ಲ ತಮ್ಮ ತಮ್ಮ ಪಾಠ ತೆರೆದು ‘ಸಿಂಕ್’ ಎಂದು ಹೇಳಿ ಕಾಯುತ್ತಾರೆ. ಒಬ್ಬ ‘ಪ್ಲೇಸ್ಟಾರ್ಟ್’ ಎಂದು ಟೈಪಿಸಿದೊಡನೆ ಎಲ್ಲರದೂ ಒಟ್ಟಿಗೆ ಎತ್ತುಗಡೆ. ವಾದ್ಯಗಳಿಗಿರುವುದು ಮೂರೇ ಸ್ಥಾಯಿ, ಒಟ್ಟು 37 ಸ್ವರಸ್ಥಾನ. ಅದರಾಚೆ ಹೋಗುವ ಹಾಡನ್ನು ಮಡಿಚಿ ಒಳಗೆ ತುರುಕಬೇಕು. ಡ್ರಮ್ಮಿನಲ್ಲಂತೂ ಪ್ರತಿ ಅಕ್ಷರವೂ ಒಂದೊಂದು ಬಗೆಯ ಪೆಟ್ಟು. ಆ ಪಾಠವನ್ನು ಹಾರ್ಪಿನವನು ತಪ್ಪಿ ತೆರೆದನೋ, ಕೇಳುವವರ ಕರ್ಮ. ಕೌಬೆಲ್ ಎಂಬ ದನದ ಗಂಟೆಯೂ ಇದೆ. ಅದಕ್ಕೆ ಯಾವ ಸ್ವರ ಕೊಟ್ಟರೂ ಒಂದೇ ಸದ್ದು. ಗೇಮ್ ಕಟ್ಟಿದವರ ತಮಾಷೆ ಎಂದೇ ನನ್ನ ಗುಮಾನಿ.

ನಮ್ಮ ಸ್ವರಲಿಪಿಯೂ ಎಬಿಸಿಯಂತೆ ಅಕ್ಷರದ್ದೇ. ಆದರೆ ತೋಡಿ ರಾಗದ ಗಾಂಧಾರಕ್ಕೆ ಪುಸ್ತಕದಲ್ಲಿರುವುದು ಬರಿಯ ‘ಗ’. ಅದನ್ನು ಎಷ್ಟು, ಎಲ್ಲಿಂದ, ಹೇಗೆ ತೂಗಬೇಕೆಂಬುದು ಗುರುಮುಖದಿಂದ ಬರಬೇಕು. ಗೇಮಿನ ಹಾರ್ಪಿಗೆ ಗುರುವಿಲ್ಲ. ಅದು ಬರೆದದ್ದನ್ನಷ್ಟೇ ನುಡಿಸುತ್ತದೆ, ಎರಡು ಸ್ವರದ ನಡುವೆ ಜಾರುವ ದಾರಿ ಅದಕ್ಕೆ ಗೊತ್ತಿಲ್ಲ. ಆ ತೂಗುವ, ಜಾರುವ ಗಮಕಕ್ಕೆ ಬದಲಾಗಿ ಪುಟ್ಟ ಪುಟ್ಟ ಸ್ವರ ತುಂಬಿಸಹೊರಟರೆ ಅಲ್ಲೂ ತಡೆ: ತೀರಾ ಗಿಡ್ಡ ಸ್ವರ ಕಂಡರೆ ಗೇಮ್ ಆ ಫೈಲನ್ನೇ ನುಡಿಸದು. ತೋಡಿಯನ್ನು ಇದರಲ್ಲಿ ಬರೆಯಹೋಗುವುದು ವ್ಯರ್ಥ ಶ್ರಮ.

ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳ ಕಥೆ ಬೇರೆ. ಅವರು ಯುರೋಪಿನ ಮಟ್ಟುಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದರು. ‘ಸಂತತಂ ಪಾಹಿ ಮಾಂ’ ಕೂತಿರುವುದು ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟಿನ ಮೇಲೆ. ಶಂಕರಾಭರಣದ ಸ್ವರ, ಗಮಕವಿಲ್ಲದ ನೇರ ನಡೆ. ‘ಸಿ’ಯನ್ನು ಷಡ್ಜವೆಂದು ಹಿಡಿದರೆ ಎಲ್ಲವೂ ಪಿಯಾನೋದ ಬಿಳಿ ಮನೆಗಳು, ಏರಿಸುವ ಇಳಿಸುವ ಚಿಹ್ನೆಯೊಂದೂ ಬೇಕಿಲ್ಲ. ಲ್ಯೂಟಿಗೆ ಒಂದು ಪಾಠ, ಕೊಳಲಿಗೆ ಒಂದು ಪಾಠ ಬರೆದುಕೊಂಡರೆ ವೆದರ್‌ಟಾಪ್‌ನಲ್ಲಿ ಇವನ್ನು ಹಾಗೆಯೇ ನುಡಿಸಬಹುದು.