ಪಂಚೆ ಉಟ್ಟು ಬೈಕ್ ಓಡಿಸಿದರೆ 2000 ರೂಪಾಯಿ ದಂಡವೇ? ನಿಜವಾದ ಅಪಾಯ ಪೊಲೀಸರದಲ್ಲ, ಚಕ್ರದ್ದು

"ಪಂಚೆ, ಲುಂಗಿ ಉಟ್ಟು ಬೈಕ್ ಓಡಿಸಿದರೆ 2000 ರೂಪಾಯಿ ದಂಡ. ಚಪ್ಪಲಿ ಹಾಕಿದ್ದರೂ ದಂಡ. ಎಲ್ಲರಿಗೂ ಕಳಿಸಿ, ಬಡವರ ದುಡ್ಡು ಉಳಿಸಿ."

ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಒಮ್ಮೆಯಾದರೂ ಬಂದಿರಬಹುದು. ನಮ್ಮ ಮನೆಯ ಗ್ರೂಪಿಗೆ ಬಂದಾಗ ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ನನ್ನ ಸೋದರಮಾವ. ಚಳ್ಳಕೆರೆ ತಾಲ್ಲೂಕಿನಲ್ಲಿ ಶೇಂಗಾ ಬೆಳೆಯುವ ಅವರು ಹುಟ್ಟಿದಾಗಿನಿಂದ ಪಂಚೆ ಬಿಟ್ಟವರಲ್ಲ. ಮಗಳ ಮದುವೆಗೆ ರೇಷ್ಮೆ ಸೀರೆ ತರಲು ಮೊಳಕಾಲ್ಮೂರಿಗೆ ಹೊರಟ ದಿನ ಮಾತ್ರ ಮಗನ ಪ್ಯಾಂಟ್ ಹಾಕಿಕೊಂಡು ಬೈಕ್ ಹತ್ತಿದರು. ಕೊರಳಲ್ಲಿ ಟವೆಲ್ ಹಾರುತ್ತಿತ್ತು. ಹೆಲ್ಮೆಟ್ ಗೋಡೆಯ ಮೊಳೆಯಲ್ಲೇ ಇತ್ತು.

"ಮಾವ, ಹೆಲ್ಮೆಟ್?" ಅಂದೆ.

"ಪ್ಯಾಂಟ್ ಹಾಕ್ಕಂಡಿದೀನಲ್ಲಪ್ಪ, ಇನ್ಯಾರು ಹಿಡೀತಾರೆ?" ಅಂದರು.

ಒಂದು ಸುಳ್ಳು ಫಾರ್ವರ್ಡ್ ಮಾಡುವ ಹಾನಿ ಇದೇ. ಇಲ್ಲದ ದಂಡಕ್ಕೆ ಹೆದರಿಸುತ್ತದೆ, ಇರುವ ಅಪಾಯವನ್ನು ಮರೆಸುತ್ತದೆ. ಒಂದೊಂದಾಗಿ ನೋಡೋಣ.

ಕಾನೂನು ಏನು ಹೇಳುತ್ತದೆ?

ಸ್ವಂತ ಬೈಕ್ ಓಡಿಸುವವರು ಪ್ಯಾಂಟನ್ನೇ ಹಾಕಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಈ ಕಾಯ್ದೆಗೆ ಮಾಡಿದ ತಿದ್ದುಪಡಿ 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದು ದಂಡದ ಮೊತ್ತಗಳು ಒಮ್ಮೆಲೇ ಏರಿದವು. ಜನ ಗಾಬರಿಯಾದರು. ಆ ಗಾಬರಿಯಲ್ಲೇ ಇಂಥ ಸಂದೇಶಗಳು ಹುಟ್ಟಿಕೊಂಡವು. ಅದೇ ತಿಂಗಳು ಆಗಿನ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಟ್ವಿಟರ್‌ನಲ್ಲಿ ಸ್ಪಷ್ಟನೆ ಕೊಟ್ಟಿತು. ಅರ್ಧ ತೋಳಿನ ಅಂಗಿ, ಲುಂಗಿ-ಬನಿಯನ್, ಚಪ್ಪಲಿ ಧರಿಸಿದ್ದಕ್ಕೆ ದಂಡ ಹಾಕುವ ಅವಕಾಶ ಹೊಸ ಕಾಯ್ದೆಯಲ್ಲಿ ಇಲ್ಲ ಎಂದು ತಿಳಿಸಿತು.

ಹಾಗಾದರೆ 2000 ರೂಪಾಯಿ ಎಂಬ ಲೆಕ್ಕ ಎಲ್ಲಿಂದ ಬಂತು? ಆ ದಿನಗಳಲ್ಲಿ ಉತ್ತರ ಪ್ರದೇಶದಲ್ಲಿ ಲುಂಗಿ ಉಟ್ಟ ಲಾರಿ ಚಾಲಕರಿಗೆ 2000 ರೂಪಾಯಿ ದಂಡ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಬಾಡಿಗೆ ವಾಹನ ಓಡಿಸುವವರಿಗೆ ಸಮವಸ್ತ್ರದ ನಿಯಮ ಬೇರೆಯೇ ಇದೆ. ನಮ್ಮಲ್ಲಿ ಆಟೊದವರು ಖಾಕಿ ಹಾಕುವುದು ಅದಕ್ಕೇ. ಲಾರಿಯ ಸುದ್ದಿ ಫಾರ್ವರ್ಡ್ ಆಗುತ್ತಾ ಆಗುತ್ತಾ ಬೈಕಿನ ಸುದ್ದಿಯಾಯಿತು.

ಇಂಥ ಸುದ್ದಿಯನ್ನು ಜನ ಬೇಗ ನಂಬುವುದಕ್ಕೆ ಕಾರಣವೂ ಇದೆ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಪಂಚೆಯನ್ನು ಕೀಳಾಗಿ ನೋಡುವವರು ಇದ್ದಾರೆ ಎಂಬುದು ಸುಳ್ಳಲ್ಲ. ಆದರೆ ಅದು ಕಾನೂನಲ್ಲ.

ಬೈಕಿಗೆ ಪ್ಯಾಂಟೇ ಬೇಕೆ?

ಜಗತ್ತಿನಲ್ಲಿ ಪ್ಯಾಂಟ್ ಇಲ್ಲದೆ ಬೈಕ್ ಓಡಿಸುವ ಗಂಡಸರು ನಾವೊಬ್ಬರೇ ಅಲ್ಲ. ಮ್ಯಾನ್ಮಾರ್‌ನ ಮಾಂಡಲೆ ನಗರದಲ್ಲಿ ನಮ್ಮ ಲುಂಗಿಯಂಥದೇ ಲೊಂಜಿ ಉಟ್ಟವರು ದಿನವೂ ಬೈಕಿನಲ್ಲಿ ಓಡಾಡುತ್ತಾರೆ. ಸ್ಕಾಟ್‌ಲೆಂಡಿನ ಗಂಡಸರು ಕಿಲ್ಟ್ ಎಂಬ ನೆರಿಗೆಯ ಲಂಗದಂಥ ಉಡುಪು ತೊಟ್ಟೇ ಬೈಕ್ ಏರುವುದುಂಟು.

1946ರಲ್ಲಿ ಇಟಲಿಯಲ್ಲಿ ಬಂದ ವೆಸ್ಪಾ ಸ್ಕೂಟರ್ ನೆನಪಿಸಿಕೊಳ್ಳಿ. ಕಾಲು ಎತ್ತಿ ಹಾಕದೆ ನೇರವಾಗಿ ಕೂರುವಂತೆ ಮುಂದೆ ಖಾಲಿ ಜಾಗ, ಬಟ್ಟೆಗೆ ಎಣ್ಣೆ ತಾಗದಂತೆ ಎಂಜಿನ್‌ಗೆ ಮುಚ್ಚಳ. ಲಂಗ ತೊಟ್ಟವರಿಗೂ ಅನುಕೂಲವಾಗಲಿ ಎಂಬ ಲೆಕ್ಕಾಚಾರ ಅದರಲ್ಲಿತ್ತು. ಚಳ್ಳಕೆರೆ ಸಂತೆಗೆ ಮೂಟೆ ಹೊತ್ತು ಬರುವ ಟಿವಿಎಸ್ ಎಕ್ಸೆಲ್ ಗಾಡಿಗಳೂ ಅದೇ ರೀತಿಯವು. ಪಂಚೆ ಉಟ್ಟವರಿಗೆ ಆ ಗಾಡಿ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಅಂದರೆ ಪಂಚೆ ತಪ್ಪಲ್ಲ. ಪಂಚೆಯ ತುದಿ ಎಲ್ಲಿ ಹಾರಾಡುತ್ತಿದೆ ಎಂಬುದೇ ಮುಖ್ಯ.

ನಿಜವಾದ ಅಪಾಯ: ಒಂದು ಸೆಕೆಂಡಿನ ಲೆಕ್ಕ

ಗಂಟೆಗೆ 40 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಸಾಮಾನ್ಯ ಬೈಕಿನ ಹಿಂದಿನ ಚಕ್ರ ಒಂದು ಸುತ್ತಿಗೆ 1.9 ಮೀಟರಿನಷ್ಟು ಸಾಗುತ್ತದೆ. ಹಾಗಾಗಿ ಅದು ಒಂದು ಸೆಕೆಂಡಿನಲ್ಲಿ ಸುಮಾರು ಆರು ಸುತ್ತು ತಿರುಗುತ್ತದೆ. ಅದರ ಜೊತೆಗೇ ತಿರುಗುವ ಚೈನಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್‌ನ ಸುತ್ತಳತೆ ಅರ್ಧ ಮೀಟರ್ ಎಂದುಕೊಳ್ಳಿ. ಬಟ್ಟೆಯ ತುದಿ ಅಲ್ಲಿಗೆ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಮೂರು ಮೀಟರ್ ಬಟ್ಟೆ ಎಳೆದುಕೊಳ್ಳುತ್ತದೆ. ಒಂಟಿ ಪಂಚೆಯ ಉದ್ದ ಸುಮಾರು ಎರಡು ಮೀಟರ್. ಏನಾಯಿತು ಎಂದು ನಿಮಗೆ ಗೊತ್ತಾಗಿ, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಪಂಚೆ ಮುಗಿದಿರುತ್ತದೆ. ಬಟ್ಟೆ ಹರಿದರೆ ಅದೃಷ್ಟ. ಹರಿಯದಿದ್ದರೆ ಚಕ್ರ ಸಿಕ್ಕಿಕೊಂಡು ನಿಲ್ಲುತ್ತದೆ, ಇಲ್ಲವೇ ಸವಾರನನ್ನೇ ಕೆಳಕ್ಕೆ ಎಳೆಯುತ್ತದೆ.

ಪಂಚೆಗಿಂತಲೂ ಭಯಂಕರವಾದದ್ದು ಕೊರಳಿಗೆ ಸುತ್ತಿದ ಬಟ್ಟೆ. ಹೆಣ್ಣುಮಕ್ಕಳ ದುಪಟ್ಟಾ, ಸೆರಗು, ಗಂಡಸರ ಟವೆಲ್, ಶಲ್ಯ, ನಮ್ಮ ಕಡೆಯ ಕುರಿಗಾಹಿಗಳ ಹೆಗಲ ಮೇಲಿನ ಕಂಬಳಿ, ಎಲ್ಲವೂ ಈ ಪಟ್ಟಿಯಲ್ಲಿವೆ. 1927ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ ತೀರಿಕೊಂಡದ್ದು ಹೀಗೆಯೇ. ತೆರೆದ ಕಾರಿನಲ್ಲಿ ಕುಳಿತಿದ್ದ ಅವರ ಕೊರಳಿನ ಉದ್ದನೆಯ ಶಲ್ಯ ಕಾರಿನ ಚಕ್ರಕ್ಕೆ ಸುತ್ತಿಕೊಂಡಿತ್ತು.

ಈ ಅಪಾಯ ನಮ್ಮ ಕಾನೂನಿಗೆ ಗೊತ್ತಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಪ್ರತಿ ಬೈಕಿಗೂ ಹಿಂದೆ ಕೂರುವವರಿಗೆ ಹಿಡಿಕೆ ಮತ್ತು ಕಾಲಿಡುವ ಜಾಗ ಇರಬೇಕು. ಅವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆಯೂ ಇರಬೇಕು. ನಾವು ಸೀರೆ ಗಾರ್ಡ್ ಅನ್ನುವುದು ಅದನ್ನೇ. ಅಂದಕ್ಕೆ ಅಡ್ಡ ಎಂದು ಹುಡುಗರು ಮೊದಲು ಬಿಚ್ಚಿಸುವುದೂ ಅದನ್ನೇ. ಕಾನೂನು ಪಂಚೆಯನ್ನು ಬಿಚ್ಚು ಅನ್ನುವುದಿಲ್ಲ, ಗಾರ್ಡನ್ನು ಬಿಚ್ಚಬೇಡ ಅನ್ನುತ್ತದೆ.

ಪಂಚೆ ಗಂಡಸರ ಆರೋಗ್ಯಕ್ಕೆ ಒಳ್ಳೆಯದಂತೆ, ನಿಜವೇ?

ಮೊದಲಿನದಕ್ಕೆ ಉಲ್ಟಾ ಇರುವ ಇನ್ನೊಂದು ಫಾರ್ವರ್ಡ್ ಇದೆ: "ಪ್ಯಾಂಟ್ ಬಿಡಿ, ಪಂಚೆ ಉಡಿ, ಮಕ್ಕಳಾಗುತ್ತವೆ." ಇದರಲ್ಲಿ ಸ್ವಲ್ಪ ನಿಜವಿದೆ. ವೀರ್ಯಾಣು ಚೆನ್ನಾಗಿ ಬೆಳೆಯಲು ವೃಷಣಗಳು ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು. ಅಮೆರಿಕದಲ್ಲಿ 656 ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಡಿಲವಾದ ಒಳಉಡುಪು ಹಾಕುವವರಲ್ಲಿ ವೀರ್ಯಾಣು ಸಾಂದ್ರತೆ ಶೇ. 25ರಷ್ಟು ಹೆಚ್ಚಿತ್ತು. ಆದರೆ ಅದು ಒಳಉಡುಪಿನ ಅಧ್ಯಯನ, ಪಂಚೆಯದ್ದಲ್ಲ. ಬಿಗಿ ಉಡುಪಿನವರಲ್ಲೂ ಹೆಚ್ಚಿನವರ ಸಂಖ್ಯೆ ಸಾಮಾನ್ಯ ಮಟ್ಟದಲ್ಲೇ ಇತ್ತು. ಪಂಚೆ ಗಾಳಿಯಾಡುವ ಉಡುಪು, ಸರಿ. ಔಷಧಿ ಅಲ್ಲ. ಮಕ್ಕಳಾಗದಿದ್ದರೆ ಗಂಡ-ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಬೇಕು.

ಪಂಚೆ ಉಟ್ಟೇ ಹೋಗುವುದಾದರೆ

• ಕಚ್ಚೆ ಹಾಕಿ ಉಡಿ. ಮಡಚಿ ಕಟ್ಟುವುದಾದರೆ ಎರಡೂ ತುದಿಗಳನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಒಳಗೆ ಚಡ್ಡಿ ಇರಲಿ.
• ಹತ್ತಿದ ಮೇಲೆ ಒಮ್ಮೆ ಎರಡೂ ಬದಿ ನೋಡಿ. ಬಟ್ಟೆ ಗೇರ್ ಲಿವರ್, ಕಿಕ್ಕರ್, ಫುಟ್‌ರೆಸ್ಟ್‌ಗೆ ಸಿಕ್ಕಿಕೊಂಡಿದ್ದರೆ ಗಾಡಿ ನಿಲ್ಲಿಸಿ ಕಾಲು ಊರುವಾಗ ಬೀಳುತ್ತೀರಿ.
• ಬರಿಗಾಲಿನ ಮೀನಖಂಡ ಸೈಲೆನ್ಸರಿಗೆ ತಾಗದಂತೆ ಇರಲಿ. ಸುಟ್ಟರೆ ತಕ್ಷಣ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಅರಿಶಿನ ಹಚ್ಚಬೇಡಿ.
• ಟವೆಲ್, ಶಲ್ಯ, ಕಂಬಳಿ ಕೊರಳಲ್ಲಿ ಬೇಡ. ಮಡಚಿ ಚೀಲದೊಳಗೆ ಇಡಿ.
• ಚೈನ್ ಕವರ್, ಸೀರೆ ಗಾರ್ಡ್ ಬಿಚ್ಚಿಸಬೇಡಿ. ಮುರಿದಿದ್ದರೆ ಹಾಕಿಸಿ.
• ಬಟ್ಟೆ ಸಿಕ್ಕಿಕೊಂಡರೆ ಎಳೆಯಬೇಡಿ. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ ಮಾಡಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿ. ಕೊರಳಿಗೆ ಬಿಗಿದಿದ್ದರೆ ಮೊದಲು ಬಟ್ಟೆ ಕತ್ತರಿಸಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬಿದ್ದಾಗ ಪಂಚೆ ನಿಮ್ಮ ಕಾಲಿನ ಚರ್ಮ ಉಳಿಸುವುದಿಲ್ಲ. ತೆಳು ಪ್ಯಾಂಟೂ ಹೆಚ್ಚೇನು ಉಳಿಸುವುದಿಲ್ಲ. ಹೆದ್ದಾರಿಯಲ್ಲಿ ದೂರ ಹೋಗುವುದಿದ್ದರೆ ದಪ್ಪ ಪ್ಯಾಂಟ್ ಮತ್ತು ಶೂ ಮೇಲು. ಅದು ದಂಡಕ್ಕಾಗಿ ಅಲ್ಲ, ಚರ್ಮಕ್ಕಾಗಿ.

ಹಾಗಾದರೆ ದಂಡ ಯಾವುದಕ್ಕೆ?

ಹೆಲ್ಮೆಟ್ ಇಲ್ಲದ್ದಕ್ಕೆ. ಕಾಯ್ದೆಯ 129ನೇ ಸೆಕ್ಷನ್ ಕೇಳುವುದು ತಲೆಯ ಮೇಲೆ ಏನಿದೆ ಎಂದು, ಸೊಂಟಕ್ಕೆ ಏನು ಸುತ್ತಿದ್ದೀರಿ ಎಂದಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಅಪಘಾತದಲ್ಲಿ ಸಾವಿನ ಸಂಭವವನ್ನು ಸುಮಾರು ಶೇ. 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇ. 69ರಷ್ಟು ತಗ್ಗಿಸುತ್ತದೆ.

ಮಾವ ಅವತ್ತು ಸೀರೆ ತಂದರು, ಕ್ಷೇಮವಾಗಿ ಬಂದರು. ಆ ರಾತ್ರಿ ಈ ಲೆಕ್ಕವನ್ನೆಲ್ಲ ಅವರಿಗೆ ಬರೆದು ತೋರಿಸಿದೆ. ಮೂರು ಮೀಟರ್ ಎಂಬಲ್ಲಿ ಸ್ವಲ್ಪ ಹೊತ್ತು ನಿಂತರು. ಈಗ ಪಂಚೆಯಲ್ಲೇ ಹೋಗುತ್ತಾರೆ. ಕಚ್ಚೆ ಹಾಕಿ, ಟವೆಲ್ ಚೀಲಕ್ಕೆ ತುರುಕಿ, ಹೆಲ್ಮೆಟ್ ಪಟ್ಟಿ ಬಿಗಿದು.

ಮುಂದಿನ ಸಲ ಆ "2000 ರೂಪಾಯಿ" ಸಂದೇಶ ಬಂದಾಗ ಕಳಿಸಿದವರ ಮೇಲೆ ರೇಗಬೇಡಿ, ಅವರೂ ಒಳ್ಳೆಯದಕ್ಕೇ ಕಳಿಸಿರುತ್ತಾರೆ. ಪಂಚೆಗೆ ದಂಡ ಇಲ್ಲ, ಹಾರಾಡುವ ತುದಿ ಸಿಕ್ಕಿಸಿಕೊಳ್ಳಿ, ಹೆಲ್ಮೆಟ್ ಹಾಕಿಕೊಳ್ಳಿ ಎಂದು ಅದೇ ಗ್ರೂಪಿನಲ್ಲಿ ಬರೆದುಬಿಡಿ. ಕಳಿಸಬೇಕಾದ ಸಂದೇಶ ಅಷ್ಟೇ.