ದ್ವೀಪದ ಮದುವೆಗೆ ಮೂರು ಸಾಕ್ಷಿ

ಅಂಡಮಾನಿನ ಕಡಲತಡಿಯಲ್ಲಿ ಹಾರ ಬದಲಿಸಿಕೊಂಡರೆ ಸಾಲದೇ ಎಂದು ತರುಣರು ನನ್ನನ್ನು ಕೇಳುವುದುಂಟು. ಸಾಲದು. ಜಾತಿಮತಗಳನ್ನು ಕೇಳದ 1954ರ ವಿಶೇಷ ವಿವಾಹ ಕಾಯಿದೆ ಅಲ್ಲಿಯೂ ಜಾರಿಯಲ್ಲಿದೆ. ಅದರಂತೆ ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ನೋಟೀಸು ಕೊಡುವ ಮುನ್ನ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ನೋಟೀಸು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಮತ್ತೆ 30 ದಿನ. ವಾರದ ಪ್ರವಾಸಕ್ಕೆ ಹೋದವರಿಗೆ ಇದು ಒದಗದು. ಕೊನೆಗೆ ವಿವಾಹಾಧಿಕಾರಿಯ ಮುಂದೆ, ಮೂವರು ಸಾಕ್ಷಿಗಳೆದುರು, ತಮಗೆ ತಿಳಿದ ಭಾಷೆಯಲ್ಲಿ, ಅದು ಕನ್ನಡವೇ ಆಗಿರಲಿ, ಒಬ್ಬರನ್ನೊಬ್ಬರು ಸ್ವೀಕರಿಸುವ ಮಾತನ್ನು ಆಡಬೇಕು.

1858ರಿಂದ ಬಂದಿಗಳನ್ನು ತಂದಿಳಿಸಿದ ಈ ದ್ವೀಪದಲ್ಲಿ, ಆಗ ಕೈದಿಯ ಮದುವೆಗೆ ಆಳುವವರ ಅಪ್ಪಣೆ ಬೇಕಿತ್ತು. ಇಂದು ಬೇಕಾದುದು ಅಪ್ಪಣೆಯಲ್ಲ, ಸಾಕ್ಷಿ. ಆದರೆ ನೋಟೀಸಿನ ಪ್ರತಿ ಕಾಯಂ ವಾಸದ ಜಿಲ್ಲೆಗೂ ಹೋಗಿ ಅಲ್ಲಿಯೂ ಪ್ರಕಟವಾಗುತ್ತದೆ. ಮನೆಯವರಿಗೆ ಅಂಜಿ ಕಡಲು ದಾಟಿದ ಜೋಡಿಗೆ ಇದು ಆಪತ್ತೇ ಸರಿ. ಈ ಕಟ್ಟಳೆ ಸಡಿಲವಾಗಬೇಕೆಂದು ನನ್ನ ಮತ.

ಸಾಕ್ಷಿಗಳ ಮಾತು ಬೇರೆ. ಕಾಳಿದಾಸನ ಶಕುಂತಲೆಯನ್ನು ನೆನೆಯಿರಿ. ಅವಳ ಗಾಂಧರ್ವ ವಿವಾಹಕ್ಕೆ ಗುರುತು ಒಂದು ಉಂಗುರ. ಅದು ನೀರುಪಾಲಾಗಲು ದೊರೆಯೆದುರು ಅವಳ ಮಾತು ನಿಲ್ಲಲಿಲ್ಲ. ಅಂಥ ದಿನ ಬಂದೊದಗಿದರೆ ಹೆಣ್ಣಿನ ಮಾತಿಗೆ ಬಲವಾಗಿ ನಿಲ್ಲುವುದು ಆ ಮೂರು ಸಹಿಗಳು.